ರಾಸಾಯನಿಕ ಟ್ಯಾಂಕರ್ ಹಡಗಿನ ಪದಗಳು: ಪಣಂಬೂರಿಗೆ ಬರುವ ಸರಕುಗಳನ್ನು ಮುಂದಿಟ್ಟುಕೊಂಡು ಒಂದು ಚರ್ಚೆ

ಕುಳಾಯಿ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಯ ಮಗ ಡೆಕ್ ಕೆಡೆಟ್ (ತರಬೇತಿಯಲ್ಲಿರುವ ಹಡಗಿನ ಅಧಿಕಾರಿ) ಆಗಿ ರಾಸಾಯನಿಕ ಟ್ಯಾಂಕರ್ ಹಡಗೊಂದಕ್ಕೆ ಆಯ್ಕೆಯಾಗಿದ್ದಾನೆ. ತರಬೇತಿಯಲ್ಲಿ ಕೊಟ್ಟ ಟಿಪ್ಪಣಿಗಳಲ್ಲಿ ಪದಗಳ ದೊಡ್ಡ ಪಟ್ಟಿಯೇ ಇದೆ. ವ್ಯಾಖ್ಯೆಗಳನ್ನು ಅವನು ಬಾಯಿಪಾಠ ಮಾಡಿದ್ದಾನೆ, ಆದರೆ ಒಂದು ಪದಕ್ಕೂ ಇನ್ನೊಂದಕ್ಕೂ ಏನು ಸಂಬಂಧ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದ ನನಗೂ ಆ ಪಟ್ಟಿಯಲ್ಲಿ ಒಂದು ವಿಷಯ ಬಗೆಹರಿಯಲಿಲ್ಲ. ಪಣಂಬೂರಿನ ನವಮಂಗಳೂರು ಬಂದರಿಗೆ ಗೊಬ್ಬರ ತಯಾರಿಕೆಗಾಗಿ ಫಾಸ್ಫಾರಿಕ್ ಆಮ್ಲ ಬರುತ್ತದೆ, ಬೈಕಂಪಾಡಿಯ ಕಡೆಯ ಸಂಸ್ಕರಣಾ ಘಟಕಗಳಿಗೆ ತಾಳೆ ಎಣ್ಣೆಯೂ ಬರುತ್ತದೆ. ಅವನ ಪಟ್ಟಿಯಲ್ಲಿ ಕೈಸುಡುವ ಆಮ್ಲ ‘ಝಡ್’ ವರ್ಗದಲ್ಲಿದೆ, ನಾವು ಅಡುಗೆಗೆ ಬಳಸುವ ತಾಳೆ ಎಣ್ಣೆ ಅದಕ್ಕಿಂತ ಕಟ್ಟುನಿಟ್ಟಾದ ‘ವೈ’ ವರ್ಗದಲ್ಲಿದೆ. ಇದು ಮುದ್ರಣದೋಷವೇ? ಅಡುಗೆ ಎಣ್ಣೆ ತರುವ ಹಡಗನ್ನು ರಾಸಾಯನಿಕ ಟ್ಯಾಂಕರ್ ಎನ್ನುವುದಾದರೂ ಏಕೆ? ಬಲ್ಲವರು ವಿವರವಾಗಿ ಬರೆದರೆ ಹುಡುಗನಿಗೆ ಬಹಳ ಉಪಕಾರವಾಗುತ್ತದೆ.

ತಣ್ಣೀರುಬಾವಿಯವ (ನಿವೃತ್ತ ಚೀಫ್ ಆಫೀಸರ್)

ಮೇಷ್ಟ್ರೇ, ಮುದ್ರಣದೋಷವಲ್ಲ. ನಿಮ್ಮ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕರೆ ಉಳಿದ ಅರ್ಧದಷ್ಟು ಪದಗಳು ತಾವಾಗಿಯೇ ಅರ್ಥವಾಗುತ್ತವೆ.

ಎಕ್ಸ್, ವೈ, ಝಡ್ ಎಂಬ ಅಕ್ಷರಗಳು ಹಡಗುಗಳಿಂದಾಗುವ ಮಾಲಿನ್ಯವನ್ನು ತಡೆಯುವ ಮಾರ್ಪೋಲ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಎರಡನೆಯ ಅನುಬಂಧದಿಂದ ಬಂದವು. ಆ ಅನುಬಂಧ ಕೇಳುವ ಪ್ರಶ್ನೆ ಒಂದೇ: ಟ್ಯಾಂಕ್ ತೊಳೆದ ನೀರಿನೊಂದಿಗೆ ಈ ದ್ರವ ಸಮುದ್ರಕ್ಕೆ ಹೋದರೆ ಏನಾಗುತ್ತದೆ? ತೀವ್ರ ಹಾನಿಯಾಗುವುದಾದರೆ ಎಕ್ಸ್. ಅದನ್ನು ಸಮುದ್ರಕ್ಕೆ ಬಿಡುವುದಕ್ಕೇ ನಿಷೇಧ. ಹಾನಿ ಅದಕ್ಕಿಂತ ಕಡಿಮೆಯಾದರೂ ಗಣನೀಯವಾಗಿದ್ದರೆ ವೈ; ಬಿಡುವ ಪ್ರಮಾಣಕ್ಕೂ ರೀತಿಗೂ ಮಿತಿಯಿದೆ. ಸಣ್ಣ ಪ್ರಮಾಣದ ಹಾನಿಯಾದರೆ ಝಡ್. ಇವು ಯಾವುದಕ್ಕೂ ಸೇರದವು ಓಎಸ್. ಈ ವರ್ಗೀಕರಣ 2007ರ ಜನವರಿ 1ರಿಂದ ಜಾರಿಯಲ್ಲಿದೆ. ಅದಕ್ಕೆ ಮೊದಲು ಎ, ಬಿ, ಸಿ, ಡಿ ಎಂಬ ನಾಲ್ಕು ವರ್ಗಗಳಿದ್ದವು, ಖಾದ್ಯ ತೈಲಗಳು ಬಹುಪಾಲು ಡಿ ವರ್ಗದಲ್ಲಿದ್ದವು. ಆಮ್ಲ ಸಮುದ್ರದ ನೀರಿನಲ್ಲಿ ಬೇಗ ಬೆರೆತು ದುರ್ಬಲವಾಗುತ್ತದೆ. ಎಣ್ಣೆ ಬೆರೆಯುವುದಿಲ್ಲ, ತೇಲುತ್ತದೆ, ಹಕ್ಕಿಗಳ ಗರಿಗೆ ಹತ್ತುತ್ತದೆ, ಗಡ್ಡೆಕಟ್ಟಿ ದಡಕ್ಕೆ ಬರುತ್ತದೆ. ಆದುದರಿಂದ ಸಮುದ್ರದ ದೃಷ್ಟಿಯಲ್ಲಿ ತಾಳೆ ಎಣ್ಣೆಯೇ ಹೆಚ್ಚು ತೊಂದರೆ ಕೊಡುವ ವಸ್ತು.

ಮನುಷ್ಯನಿಗೂ ಹಡಗಿಗೂ ಇರುವ ಅಪಾಯವನ್ನು ಬೇರೆ ಕಡೆ ನೋಡಬೇಕು. ಅದಕ್ಕಿರುವುದು ಐಬಿಸಿ ಕೋಡ್, ಅಂದರೆ ಅಪಾಯಕಾರಿ ರಾಸಾಯನಿಕಗಳನ್ನು ಬೃಹತ್ ಪ್ರಮಾಣದಲ್ಲಿ ಸಾಗಿಸುವ ಹಡಗುಗಳ ನಿರ್ಮಾಣ ಮತ್ತು ಉಪಕರಣಗಳ ಸಂಹಿತೆ. 1986ರ ಜುಲೈ 1ರಿಂದ ಈಚೆಗೆ ಕಟ್ಟಿದ ಹಡಗುಗಳಿಗೆ ಇದು ಅನ್ವಯಿಸುತ್ತದೆ. ಇದರ 17ನೇ ಅಧ್ಯಾಯದಲ್ಲಿ ಪ್ರತಿ ಸರಕಿಗೂ ಒಂದು ಸಾಲಿದೆ. ತಾಳೆ ಎಣ್ಣೆಗೂ ಇದೆ; ಹಾಗಾಗಿಯೇ ಅದನ್ನು ತರುವ ಹಡಗೂ ರಾಸಾಯನಿಕ ಟ್ಯಾಂಕರ್. ಮಾಲಿನ್ಯ ವರ್ಗ ಆ ಸಾಲಿನ ಒಂದು ಅಂಕಣ ಮಾತ್ರ. ಅದರ ಪಕ್ಕದ ಅಂಕಣದಲ್ಲಿ ಎಸ್ ಎಂದಿದ್ದರೆ ಸುರಕ್ಷತೆಯ ಅಪಾಯ, ಪಿ ಎಂದಿದ್ದರೆ ಮಾಲಿನ್ಯದ ಅಪಾಯ, ಎರಡೂ ಇದ್ದರೆ ಎಸ್/ಪಿ. ಮುಂದಿನದು ಹಡಗಿನ ಮಾದರಿ: 1, 2, 3. ಹಡಗಿಗೆ ಡಿಕ್ಕಿಯಾದರೂ, ತಳ ಬಂಡೆಗೆ ತಗುಲಿದರೂ ಸರಕು ಹೊರಹೋಗದಂತೆ ಎಷ್ಟರಮಟ್ಟಿಗೆ ಕಾಯಬೇಕು ಎಂಬುದನ್ನು ಈ ಸಂಖ್ಯೆ ಹೇಳುತ್ತದೆ. ಮಾದರಿ 1ರಲ್ಲಿ ಸರಕಿನ ಟ್ಯಾಂಕ್ ಹಡಗಿನ ಪಕ್ಕದ ತಗಡಿನಿಂದ ಹಡಗಿನ ಅಗಲದ ಐದನೇ ಒಂದು ಭಾಗದಷ್ಟು ಅಥವಾ 11.5 ಮೀಟರ್, ಯಾವುದು ಕಡಿಮೆಯೋ ಅಷ್ಟು ಒಳಗಿರಬೇಕು. ಒಂದು ಟ್ಯಾಂಕಿನಲ್ಲಿ 1,250 ಘನ ಮೀಟರ್‌ಗಿಂತ ಹೆಚ್ಚು ತುಂಬುವಂತಿಲ್ಲ. ಹಳದಿ ರಂಜಕದಂಥ ಸರಕು ಇಲ್ಲಿ ಬರುತ್ತದೆ. ಮಾದರಿ 2ರಲ್ಲಿ ಪಕ್ಕದ ತಗಡಿನಿಂದ ಕನಿಷ್ಠ 760 ಮಿಲಿಮೀಟರ್ ಅಂತರ ಸಾಕು, ಮಿತಿ 3,000 ಘನ ಮೀಟರ್. ಮಾದರಿ 3ಕ್ಕೆ ಇಂಥ ಅಂತರವಾಗಲಿ ಮಿತಿಯಾಗಲಿ ಇಲ್ಲ.

ಫಾಸ್ಫಾರಿಕ್ ಆಮ್ಲಕ್ಕೆ ಝಡ್ ಎಂದು ಬರೆದಿದ್ದರೂ ಅದರ ಸಾಲಿನ ಕೊನೆಯ ಅಂಕಣ ಬಹಳ ಕಠಿಣವಾಗಿದೆ. ಖನಿಜಾಮ್ಲ ತುಂಬಿದ ಟ್ಯಾಂಕಿಗೆ ಹಡಗಿನ ಹೊರತಗಡೇ ಗೋಡೆಯಾಗಿರಕೂಡದು. ಆಮ್ಲ ಬರಿಯ ಉಕ್ಕಿಗೆ ತಗುಲಿದರೆ ಹೈಡ್ರೋಜನ್ ಹುಟ್ಟುತ್ತದೆ, ಅದು ಕಿಡಿಗೆ ಕಾಯುತ್ತಿರುತ್ತದೆ. ಹಾಗಾಗಿ ಸ್ಟೇನ್‌ಲೆಸ್ ಉಕ್ಕಿನ ಅಥವಾ ರಬ್ಬರ್ ಒಳಪದರವಿರುವ ಟ್ಯಾಂಕ್ ಬೇಕು. ಅಲ್ಲದೆ ಈ ಆಮ್ಲ ನೀರಿಗಿಂತ ಒಂದೂವರೆ ಪಟ್ಟಿಗೂ ಹೆಚ್ಚು ಭಾರ. ಟ್ಯಾಂಕನ್ನು ಎಷ್ಟು ಸಾಂದ್ರತೆಗೆ ಕಟ್ಟಲಾಗಿದೆ ಎಂಬುದನ್ನು ನೋಡದೆ ಬರಿಯ ಗಾತ್ರ ಲೆಕ್ಕಹಾಕಿ ತುಂಬಿದವನು ಹಡಗಿನ ರಚನೆಗೇ ಪೆಟ್ಟು ಕೊಡುತ್ತಾನೆ.

ಹುಡುಗನಿಗೆ ಇಷ್ಟು ಹೇಳಿ: ಒಂದು ಪದ ಕಣ್ಣಿಗೆ ಬಿದ್ದಾಗ ಅದು ಯಾರನ್ನು ಕಾಯುವುದಕ್ಕೆ ಹುಟ್ಟಿದೆ, ಸಮುದ್ರವನ್ನೋ, ನಾವಿಕನನ್ನೋ, ಸರಕಿನ ಶುದ್ಧತೆಯನ್ನೋ, ಹಡಗನ್ನೋ ಎಂದು ಮೊದಲು ಕೇಳಿಕೊಳ್ಳಲಿ.

ಚಿತ್ರಾಪುರದ ಓದುಗಿ

ಪಣಂಬೂರಿಗೆ ದ್ರವ ಅಮೋನಿಯವೂ ಬರುತ್ತದಲ್ಲ, ಸರ್. ಅದೂ ಇದೇ ಹಡಗಿನಲ್ಲಿ ಬರುತ್ತದೆಯೇ?

ತಣ್ಣೀರುಬಾವಿಯವ

ಇಲ್ಲ ಅಮ್ಮ. ನಿರ್ಜಲ ಅಮೋನಿಯ ಸಾಮಾನ್ಯ ಉಷ್ಣತೆಯಲ್ಲಿ ಅನಿಲ. ಅದನ್ನು ತಣಿಸಿ ದ್ರವವಾಗಿ ತರುವ ಹಡಗು ಗ್ಯಾಸ್ ಕ್ಯಾರಿಯರ್, ಅದಕ್ಕೆ ಐಜಿಸಿ ಕೋಡ್ ಎಂಬ ಬೇರೆಯೇ ಸಂಹಿತೆ ಇದೆ. ನೀರಿನಲ್ಲಿ ಕರಗಿಸಿದ, ಶೇಕಡ 28ಕ್ಕಿಂತ ಹೆಚ್ಚಿಲ್ಲದ ಅಮೋನಿಯ ದ್ರಾವಣ ಮಾತ್ರ ಐಬಿಸಿ ಕೋಡಿನ ಪಟ್ಟಿಗೆ ಬರುತ್ತದೆ.

ಬೈಕಂಪಾಡಿ ಸರ್ವೇಯರ್

ಚೀಫ್ ಆಫೀಸರ್ ಸರ್ ಹೇಳಿದ ‘ಸರಕಿನ ಶುದ್ಧತೆ’ ನನ್ನ ಕೆಲಸದ ಭಾಗವಾದ್ದರಿಂದ ಅದರ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ. ಹೊಸದಾಗಿ ಸೇರುವ ಹುಡುಗರಿಗೆ ಈ ಭಾಗವನ್ನು ಯಾರೂ ಮನಸ್ಸಿಟ್ಟು ಹೇಳಿಕೊಡುವುದಿಲ್ಲ ಎಂಬ ಕೊರಗು ನನಗಿದೆ.

ಒಂದೇ ಹಡಗಿನಲ್ಲಿ ಬೇರೆ ಬೇರೆ ಮಾಲೀಕರ ಹತ್ತಾರು ಸರಕುಗಳು ಬೇರೆ ಬೇರೆ ಟ್ಯಾಂಕುಗಳಲ್ಲಿ ಸಾಗುತ್ತವೆ. ಒಂದೊಂದನ್ನೂ ಪಾರ್ಸೆಲ್ ಎನ್ನುತ್ತಾರೆ, ಆ ಹಡಗು ಪಾರ್ಸೆಲ್ ಟ್ಯಾಂಕರ್. ಒಂದಕ್ಕೊಂದು ತಾಕದಂತೆ ಪ್ರತ್ಯೇಕ ಪಂಪು, ಪ್ರತ್ಯೇಕ ಕೊಳವೆ, ಪ್ರತ್ಯೇಕ ಗಾಳಿಕೊಳವೆ ಇರುವುದನ್ನು ಸೆಗ್ರಿಗೇಷನ್ ಎನ್ನುತ್ತಾರೆ. ಹಳೆಯ ತೈಲ ಹಡಗುಗಳಲ್ಲಿ ಪಂಪ್ ರೂಮ್ ಇರುತ್ತದೆ. ಇಲ್ಲಿ ಪ್ರತಿ ಟ್ಯಾಂಕಿನ ತಳದಲ್ಲಿ, ಸಂಪ್ ಎಂಬ ಗುಂಡಿಯೊಳಗೆ, ಅದರದೇ ಡೀಪ್‌ವೆಲ್ ಪಂಪ್ ಕೂತಿರುವುದು ಸಾಮಾನ್ಯ. ಪರಸ್ಪರ ವರ್ತಿಸುವ ಎರಡು ಸರಕುಗಳ ನಡುವೆ ಒಂದೇ ಗೋಡೆ ಇರಕೂಡದು. ಕಾಫರ್‌ಡ್ಯಾಮ್ ಎಂಬ ಖಾಲಿ ಜಾಗವೋ, ಎರಡಕ್ಕೂ ಹೊಂದುವ ಸರಕು ತುಂಬಿದ ಟ್ಯಾಂಕೋ ನಡುವೆ ಬೇಕು. ಯಾವುದಕ್ಕೆ ಯಾವುದು ಹೊಂದದು ಎನ್ನಲು ಅಮೆರಿಕದ ಕೋಸ್ಟ್ ಗಾರ್ಡ್ ರೂಪಿಸಿದ ಹೊಂದಾಣಿಕೆ ಕೋಷ್ಟಕ ಬಳಕೆಯಲ್ಲಿದೆ. ಎರಡನ್ನು ಬೆರೆಸಿದಾಗ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಏರಿದರೆ ಅಥವಾ ಅನಿಲ ಹುಟ್ಟಿದರೆ ಆ ಜೋಡಿ ಅಪಾಯಕಾರಿ ಎಂದು ಅದರ ಎಣಿಕೆ.

ಇನ್ನು ಟ್ಯಾಂಕಿನ ಪೂರ್ವಚರಿತ್ರೆ. ಸರಕು ಗೊತ್ತಾದ ಕೂಡಲೇ ಬಾಡಿಗೆದಾರ ಕೇಳುವುದು ‘ಲಾಸ್ಟ್ ತ್ರೀ’, ಅಂದರೆ ಆ ಟ್ಯಾಂಕಿನಲ್ಲಿ ಈ ಹಿಂದೆ ಸಾಗಿದ ಮೂರು ಸರಕುಗಳು ಯಾವುವು ಎಂದು. ಖಾದ್ಯ ತೈಲದ ವ್ಯಾಪಾರದಲ್ಲಿ ಇದು ಅತ್ಯಂತ ಗಂಭೀರವಾದ ವಿಷಯ. ಎಣ್ಣೆ, ಎಣ್ಣೆಬೀಜ, ಕೊಬ್ಬುಗಳ ವ್ಯಾಪಾರಕ್ಕೆ ಸಂಬಂಧಿಸಿದ ಲಂಡನ್ನಿನ ಫೋಸ್ಫಾ ಒಕ್ಕೂಟದ ನಿಯಮಗಳಲ್ಲಿ ತಾಳೆ ಎಣ್ಣೆಗೆ ಹಿಂದಿನ ಸರಕು ಯಾವುದಾಗಿರಕೂಡದು ಎಂಬ ನಿಷೇಧಪಟ್ಟಿಯಿದೆ. ಸೀಸವಿರುವ ಸರಕಿಗಂತೂ ಕೊನೆಯ ಮೂರರಲ್ಲಿ ಜಾಗವೇ ಇಲ್ಲ. ನಮ್ಮ ಅಡುಗೆಮನೆಗೆ ಬರುವ ಎಣ್ಣೆ ಶುದ್ಧವಾಗಿರುವುದು ಈ ಮೂರು ಸಾಲಿನ ದಾಖಲೆಯನ್ನು ಯಾರೋ ಪ್ರಾಮಾಣಿಕವಾಗಿ ಬರೆದುದರಿಂದ.

ಒಳಗಿನ ಲೇಪನದ ಪಾತ್ರವೂ ಸಣ್ಣದಲ್ಲ. ಎಪಾಕ್ಸಿ ಲೇಪನ ಕೆಲವು ದ್ರಾವಕಗಳನ್ನು ಹೀರಿಕೊಂಡು ಮುಂದಿನ ಸರಕಿಗೆ ಮೆಲ್ಲನೆ ಬಿಟ್ಟುಕೊಡುತ್ತದೆ. ಝಿಂಕ್ ಸಿಲಿಕೇಟ್ ದ್ರಾವಕಗಳಿಗೆ ಒಳ್ಳೆಯದು, ಆದರೆ ತೀವ್ರ ಆಮ್ಲ, ಕ್ಷಾರಗಳನ್ನು ತಾಳದು. ಮುಕ್ತ ಕೊಬ್ಬಿನಾಮ್ಲ ಹೆಚ್ಚಿರುವ ಎಣ್ಣೆಯೂ ಅದನ್ನು ತಿನ್ನುತ್ತದೆ. ಸ್ಟೇನ್‌ಲೆಸ್ ಉಕ್ಕು ಬಹುತೇಕ ಎಲ್ಲಕ್ಕೂ ಆಗುತ್ತದೆ, ಆದರೆ ಕ್ಲೋರೈಡ್ ಅದರ ಶತ್ರು. ಸಮುದ್ರದ ನೀರಿನಲ್ಲಿ ತೊಳೆದ ಮೇಲೆ ಸಿಹಿನೀರಿನಲ್ಲಿ ತೊಳೆಯದೆ ಬಿಟ್ಟರೆ ಲೋಹದಲ್ಲಿ ಸಣ್ಣ ಗುಳಿಗಳು ಏಳುತ್ತವೆ.

ಮೆಥನಾಲ್‌ನಂಥ ಶುದ್ಧ ಸರಕು ತುಂಬುವ ಮೊದಲು ವಾಲ್ ವಾಶ್ ಪರೀಕ್ಷೆ ನಡೆಯುತ್ತದೆ. ಟ್ಯಾಂಕಿನ ಗೋಡೆಯ ಮೇಲೆ ಶುದ್ಧ ಮೆಥನಾಲನ್ನು ಹರಿಸಿ, ಇಳಿದುಬಂದದ್ದನ್ನು ಸಂಗ್ರಹಿಸಿ, ಅದರಲ್ಲಿ ಕ್ಲೋರೈಡ್ ಎಷ್ಟಿದೆ, ನೀರು ಬೆರೆಸಿದರೆ ಮಸುಕಾಗುತ್ತದೆಯೇ, ಪರ್ಮಾಂಗನೇಟಿನ ಬಣ್ಣ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ನೋಡುತ್ತೇವೆ. ಮಸುಕಾದರೆ ಹೈಡ್ರೋಕಾರ್ಬನ್ನಿನ ಅಂಶ ಉಳಿದಿದೆ ಎಂದರ್ಥ. ಪರೀಕ್ಷೆಯಲ್ಲಿ ಗೆದ್ದ ಮೇಲೂ ಸರಕನ್ನು ಒಮ್ಮೆಗೇ ತುಂಬುವುದಿಲ್ಲ. ತಳದಲ್ಲಿ ಸ್ವಲ್ಪವೇ ಇಳಿಸಿ, ನಿಲ್ಲಿಸಿ, ಮಾದರಿ ತೆಗೆದು ನೋಡುವುದಕ್ಕೆ ಫಸ್ಟ್ ಫುಟ್ ಎನ್ನುತ್ತಾರೆ. ತುಂಬಿದ ಮೇಲೆ ದ್ರವದ ಮಟ್ಟದಿಂದ ಟ್ಯಾಂಕಿನ ಮೇಲಿನ ಗುರುತಿನವರೆಗಿನ ಖಾಲಿ ಎತ್ತರ ಅಲೇಜ್; ಉಷ್ಣತೆಯೊಂದಿಗೆ ಅದನ್ನು ಕೋಷ್ಟಕದಲ್ಲಿ ನೋಡಿದರೆ ಪ್ರಮಾಣ ಸಿಗುತ್ತದೆ.

ಸುರತ್ಕಲ್ ವಿದ್ಯಾರ್ಥಿನಿ (ರಾಸಾಯನಿಕ ಎಂಜಿನಿಯರಿಂಗ್)

ನಾನು ಹಡಗು ಹತ್ತಿದವಳಲ್ಲ, ಆದರೆ ಪಾಲಿಮರೀಕರಣದ ಬಗ್ಗೆ ಓದಿದ್ದೇನೆ. ಪಟ್ಟಿಯಲ್ಲಿ ‘ಇನ್‌ಹಿಬಿಟರ್’ ಎಂಬ ಪದವನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದರೆ ಅದು ಅನ್ಯಾಯ. ಸ್ಟೈರೀನ್ ತನ್ನಷ್ಟಕ್ಕೆ ತಾನೇ ಸರಪಳಿಯಾಗಿ ಬೆಸೆದುಕೊಳ್ಳುವ ದ್ರವ. ಬೆಸೆದುಕೊಳ್ಳುವಾಗ ಶಾಖ ಬಿಡುತ್ತದೆ, ಆ ಶಾಖ ಕ್ರಿಯೆಯ ವೇಗವನ್ನು ಇನ್ನೂ ಹೆಚ್ಚಿಸುತ್ತದೆ. ಇದನ್ನು ತಡೆಹಿಡಿಯಲು ಟಿಬಿಸಿ ಎಂಬ ಇನ್‌ಹಿಬಿಟರ್ ಬೆರೆಸುತ್ತಾರೆ. ಟಿಬಿಸಿ ಕೆಲಸ ಮಾಡಬೇಕಾದರೆ ದ್ರವದಲ್ಲಿ ಸ್ವಲ್ಪ ಆಮ್ಲಜನಕ ಕರಗಿರಬೇಕು. ಬೆಂಕಿಯ ಭಯಕ್ಕೆಂದು ಟ್ಯಾಂಕಿನ ತುಂಬ ಸಾರಜನಕ ತುಂಬಿದರೆ ಒಂದು ಅಪಾಯ ತಪ್ಪಿ ಇನ್ನೊಂದು ತಲೆಯೆತ್ತುತ್ತದೆ. ದಿನ ಕಳೆದಂತೆ ಟಿಬಿಸಿ ಖರ್ಚಾಗುತ್ತದೆ, ಉಷ್ಣತೆ ಏರಿದರೆ ಇನ್ನೂ ಬೇಗ ಖರ್ಚಾಗುತ್ತದೆ.

2019ರ ಸೆಪ್ಟೆಂಬರ್ 28ರಂದು ದಕ್ಷಿಣ ಕೊರಿಯದ ಉಲ್ಸಾನ್ ಬಂದರಿನಲ್ಲಿ ಸ್ಟೋಲ್ಟ್ ಗ್ರೋಯೆನ್‌ಲ್ಯಾಂಡ್ ಎಂಬ ಟ್ಯಾಂಕರ್ ಸ್ಫೋಟಗೊಂಡದ್ದು ಹೀಗೆಯೇ. ಹತ್ತಿರದ ಟ್ಯಾಂಕುಗಳಲ್ಲಿದ್ದ ಬಿಸಿ ಸರಕಿನ ಶಾಖ ಸ್ಟೈರೀನಿಗೆ ತಲುಪಿ ಪಾಲಿಮರೀಕರಣ ಕೈಮೀರಿತು ಎಂದು ತನಿಖೆ ಹೇಳಿತು. ಅದರ ಉಷ್ಣತೆಯನ್ನು ಪ್ರಯಾಣದಲ್ಲಿ ಗಮನಿಸಿರಲಿಲ್ಲ ಎಂಬುದೂ ತನಿಖೆಯಲ್ಲಿ ಹೊರಬಂತು. ಹಾಗಾದರೆ ಸೆಗ್ರಿಗೇಷನ್ ಎಂದರೆ ದ್ರವಗಳನ್ನು ಬೇರ್ಪಡಿಸುವುದಷ್ಟೇ ಅಲ್ಲ, ಶಾಖವನ್ನೂ ಬೇರ್ಪಡಿಸುವುದು ಎಂದು ನಾನು ತಿಳಿದಿದ್ದೇನೆ. ಸರಿಯೇ, ಸರ್?

ತಣ್ಣೀರುಬಾವಿಯವ

ಪೂರ್ತಿ ಸರಿ ಮಗಳೇ. ಹಾಗಾಗಿಯೇ ಇಂಥ ಸರಕಿನ ಜೊತೆ ಇನ್‌ಹಿಬಿಟರ್ ಪ್ರಮಾಣಪತ್ರ ಬರಲೇಬೇಕು. ಯಾವ ರಾಸಾಯನಿಕ, ಎಷ್ಟು, ಯಾವ ದಿನ ಬೆರೆಸಿದ್ದು, ಎಷ್ಟು ಕಾಲ ಬಾಳುತ್ತದೆ, ಆಮ್ಲಜನಕ ಬೇಕೇ, ಉಷ್ಣತೆಯ ಮಿತಿ ಏನು, ಪ್ರಯಾಣ ಲಂಬಿಸಿದರೆ ಏನು ಮಾಡಬೇಕು ಎಂಬ ಎಲ್ಲವೂ ಅದರಲ್ಲಿರುತ್ತದೆ. ಕೆಡೆಟ್ ಆದವನು ಅದನ್ನು ಕೇಳಿ ಓದಬೇಕು.

ಸಾರಜನಕದ ಮಾತು ಬಂದುದರಿಂದ ಒಂದನ್ನು ಒತ್ತಿ ಹೇಳುತ್ತೇನೆ. ಇನರ್ಟಿಂಗ್ ಎಂದರೆ ಬೆಂಕಿ ಹತ್ತದಂತೆ ಟ್ಯಾಂಕಿನಲ್ಲಿ ಜಡ ಅನಿಲ ತುಂಬುವುದು. ಪ್ಯಾಡಿಂಗ್ ಎಂದರೆ ಸರಕಿಗೆ ಗಾಳಿ ಸೋಕದಂತೆ ಅದರ ಮೇಲೆ ಅನಿಲದ ಅಥವಾ ದ್ರವದ ಹೊದಿಕೆ ಇಡುವುದು. ಪರ್ಜಿಂಗ್ ಎಂದರೆ ಇದ್ದ ಆವಿಯನ್ನು ಹೊರದೂಡುವುದು. ಮೂರರಲ್ಲಿಯೂ ಕೊನೆಗೆ ಒಳಗೆ ಉಳಿಯುವುದು ಉಸಿರಾಡಲಾಗದ ಗಾಳಿಯೇ ಆಗಿರಬಹುದು. ಸಾರಜನಕಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಒಳಗೆ ಇಳಿದವನಿಗೆ ಎಚ್ಚರಿಕೆ ಸಿಗುವುದೇ ಇಲ್ಲ. ‘ಗ್ಯಾಸ್ ಫ್ರೀ’ ಎಂದು ಬರೆದ ಕಾಗದ ಅಳತೆ ಮಾಡಿದ ಆ ಗಳಿಗೆಗೆ ಮಾತ್ರ ಸತ್ಯ. ಆಮ್ಲಜನಕ ಶೇಕಡ 21ರ ಸಹಜ ಮಟ್ಟದಲ್ಲಿರಬೇಕು, ಸುಡುವ ಆವಿ ಅದರ ಕನಿಷ್ಠ ದಹನ ಮಿತಿಯ ಶೇಕಡ 1ಕ್ಕಿಂತ ಕಡಿಮೆ ಇರಬೇಕು, ವಿಷಾನಿಲವನ್ನು ಬೇರೆಯಾಗಿ ಅಳೆಯಬೇಕು. ಇಷ್ಟಾದ ಮೇಲೂ ಗಾಳಿ ಬೀಸುವುದನ್ನು ನಿಲ್ಲಿಸಬಾರದು. ಒಳಗೆ ಬಿದ್ದವನನ್ನು ಕಂಡು ಉಸಿರಾಟದ ಉಪಕರಣವಿಲ್ಲದೆ ಇಳಿದ ಗೆಳೆಯರೂ ಪ್ರಾಣ ಕಳೆದುಕೊಂಡ ಪ್ರಸಂಗಗಳು ಈ ವೃತ್ತಿಯಲ್ಲಿ ಮತ್ತೆ ಮತ್ತೆ ನಡೆದಿವೆ. ನಿಮ್ಮ ಹುಡುಗ ಬೇರೆ ಯಾವ ಪದವನ್ನು ಮರೆತರೂ ಇದನ್ನು ಮರೆಯಬಾರದು ಮೇಷ್ಟ್ರೇ.

ಬೆಂಗ್ರೆ ದೋಣಿಯವರು

ನಮ್ಮ ಮನೆಯವರು ತಲೆತಲಾಂತರದಿಂದ ಮೀನುಗಾರಿಕೆ ಮಾಡಿಕೊಂಡು ಬಂದವರು. ಮೇಲೆ ಎಲ್ಲರೂ ಟ್ಯಾಂಕ್ ತೊಳೆದ ನೀರು ಎಂದಿದ್ದೀರಿ. ಆ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನು ದಯವಿಟ್ಟು ಸ್ಪಷ್ಟವಾಗಿ ಹೇಳಿ. ನಾವು ಬಲೆ ಹಾಕುವ ನೀರೂ ಅದೇ ತಾನೆ?

ಬೈಕಂಪಾಡಿ ಸರ್ವೇಯರ್

ಅಣ್ಣ, ನೀವು ಕೇಳಿದ ಪ್ರಶ್ನೆಗೆ ಉತ್ತರವಾಗಿಯೇ ಎರಡನೆಯ ಅನುಬಂಧ ಹುಟ್ಟಿದೆ.

ಸರಕು ಇಳಿಸಿ ಮುಗಿಯುವ ಹಂತದಲ್ಲಿ ಟ್ಯಾಂಕಿನ ತಳದ ಕೊನೆಯ ಹನಿಗಳನ್ನು ಹೀರಿ ದಡಕ್ಕೆ ಕಳುಹಿಸುವುದಕ್ಕೆ ಸ್ಟ್ರಿಪಿಂಗ್ ಎನ್ನುತ್ತಾರೆ. 2007ರಿಂದ ಈಚೆಗೆ ಕಟ್ಟಿದ ಹಡಗಿನಲ್ಲಿ ಟ್ಯಾಂಕಿಗೂ ಅದರ ಕೊಳವೆಗೂ ಸೇರಿ 75 ಲೀಟರ್‌ಗಿಂತ ಹೆಚ್ಚು ಉಳಿಯದಂತೆ ವ್ಯವಸ್ಥೆ ಇರಬೇಕು. ಇನ್ನು ಉಳಿದದ್ದನ್ನು ತೊಳೆಯುವ ಪ್ರಶ್ನೆ. ಎಕ್ಸ್ ವರ್ಗದ ಸರಕಾದರೆ ಇಳಿಸಿದ ಬಂದರಿನಲ್ಲಿಯೇ ಪ್ರೀವಾಶ್, ಅಂದರೆ ಕಡ್ಡಾಯದ ಮೊದಲ ತೊಳೆತ, ಆಗಬೇಕು. ಹೊರಬರುವ ನೀರಿನಲ್ಲಿ ಆ ವಸ್ತು ತೂಕದಲ್ಲಿ ಶೇಕಡ 0.1ಕ್ಕೆ ಇಳಿಯುವ ತನಕ ತೊಳೆದು, ಆ ನೀರನ್ನು ದಡದ ಸ್ವೀಕಾರ ವ್ಯವಸ್ಥೆಗೇ ಕೊಡಬೇಕು. ವೈ ವರ್ಗದಲ್ಲಿ ಹಾಗಲ್ಲ. ಸರಕು ಇಳಿಸುವಾಗ ಮಂದವಾಗಿದ್ದರೆ ಅಥವಾ ಹೆಪ್ಪುಗಟ್ಟುವ ಹತ್ತಿರದಲ್ಲಿದ್ದರೆ ಮಾತ್ರ ಸಾಮಾನ್ಯವಾಗಿ ಪ್ರೀವಾಶ್ ಕಡ್ಡಾಯ. ಮಂದ ಎಂದರೆ ಇಳಿಸುವ ಉಷ್ಣತೆಯಲ್ಲಿ ಸ್ನಿಗ್ಧತೆ 50 ಮಿಲಿಪ್ಯಾಸ್ಕಲ್ ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು. ಹೆಪ್ಪುಗಟ್ಟುವ ಸರಕು ಎಂದರೆ, ಕರಗುವ ಬಿಂದು 15 ಡಿಗ್ರಿಗಿಂತ ಕಡಿಮೆ ಇದ್ದಲ್ಲಿ ಇಳಿಸುವ ಉಷ್ಣತೆ ಅದಕ್ಕಿಂತ 5 ಡಿಗ್ರಿಯೂ ಮೇಲಿಲ್ಲದ್ದು. 15 ಅಥವಾ ಹೆಚ್ಚಿದ್ದಲ್ಲಿ 10 ಡಿಗ್ರಿಯೂ ಮೇಲಿಲ್ಲದ್ದು.

ಈ ಲೆಕ್ಕ ನಮ್ಮ ಬಂದರಿಗೆ ಹೇಗೆ ಅನ್ವಯಿಸುತ್ತದೆ ನೋಡಿ. ಮಂಗಳೂರಿನಲ್ಲಿ ತಯಾರಾಗಿ ಹೊರದೇಶಕ್ಕೆ ಹೋಗುವ ಪ್ಯಾರಾಕ್ಸೈಲೀನ್ 13.3 ಡಿಗ್ರಿಯಲ್ಲಿ ಗಟ್ಟಿಯಾಗುತ್ತದೆ. ನಮ್ಮ ಸೆಕೆಯಲ್ಲಿ ಅದರ ನೆನಪೂ ಬರುವುದಿಲ್ಲ. ಅದೇ ಸರಕನ್ನು ಚಳಿಗಾಲದಲ್ಲಿ ಉತ್ತರದ ತಣ್ಣನೆಯ ಬಂದರಿನಲ್ಲಿ 18.3 ಡಿಗ್ರಿಗಿಂತ ಕೆಳಗೆ ಇಳಿಸಿದರೆ ಪ್ರೀವಾಶ್ ಕಡ್ಡಾಯವಾಗುತ್ತದೆ. ತಾಳೆ ಎಣ್ಣೆಯನ್ನು ಸಾಮಾನ್ಯವಾಗಿ 50ರಿಂದ 55 ಡಿಗ್ರಿಗೆ ಕಾಯಿಸಿ ಇಳಿಸುತ್ತಾರೆ. ಆ ಉಷ್ಣತೆಯಲ್ಲಿ ಅದು ತೆಳ್ಳಗೆ ಹರಿದು ತಳ ಬರಿದಾಗುತ್ತದೆ. ಕಾಯಿಸದೆ ಇಳಿಸಿದರೆ ಗೋಡೆಗೆ ಮೆತ್ತಿಕೊಂಡು ಕೂರುತ್ತದೆ, ಆಗ ಕನಿಷ್ಠ 60 ಡಿಗ್ರಿಯ ಬಿಸಿನೀರಿನಲ್ಲಿ ಪ್ರೀವಾಶ್ ಮಾಡಿ ನೀರನ್ನು ದಡಕ್ಕೆ ಕೊಡಬೇಕು. ಅಂದರೆ ಹೀಟಿಂಗ್ ಲಾಗ್ ಪುಸ್ತಕದಲ್ಲಿ ದಿನಾ ಬರೆಯುವ ಉಷ್ಣತೆ ನಿಮ್ಮ ಬಲೆಗೂ ಸಂಬಂಧಪಟ್ಟದ್ದು, ಅಣ್ಣ.

ಪ್ರೀವಾಶ್ ಬೇಡದ, ಅಥವಾ ಮುಗಿದ ಮೇಲಿನ ತೊಳೆತದ ನೀರನ್ನು ಸಮುದ್ರಕ್ಕೆ ಬಿಡಲು ಅನುಮತಿಯಿದೆ, ಆದರೆ ಹಲವು ಷರತ್ತುಗಳು ಒಟ್ಟಿಗೇ ಈಡೇರಬೇಕು. ಹಡಗು ಕನಿಷ್ಠ 7 ನಾಟ್ ವೇಗದಲ್ಲಿ ದಾರಿಯಲ್ಲಿ ಸಾಗುತ್ತಿರಬೇಕು, ತೀರದಿಂದ 12 ನಾಟಿಕಲ್ ಮೈಲಿಗೆ, ಅಂದರೆ ಸುಮಾರು 22 ಕಿಲೋಮೀಟರಿಗೆ, ಕಡಿಮೆಯಿಲ್ಲದ ದೂರದಲ್ಲಿರಬೇಕು, ಅಲ್ಲಿನ ಆಳ 25 ಮೀಟರಿಗೆ ಕಡಿಮೆ ಇರಬಾರದು, ನೀರನ್ನು ಹಡಗಿನ ನೀರಿನಮಟ್ಟದ ಕೆಳಗಿನ ದ್ವಾರದಿಂದ ನಿಗದಿತ ವೇಗ ಮೀರದಂತೆ ಬಿಡಬೇಕು.

ಬೆಂಗ್ರೆ ದೋಣಿಯವರು

ವಿವರಕ್ಕೆ ಧನ್ಯವಾದ. ಆದರೆ ನಮ್ಮ ಟ್ರಾಲ್ ಬೋಟುಗಳು 12 ಮೈಲಿಗಿಂತ ಎಷ್ಟೋ ಆಚೆಗೂ ಹೋಗುತ್ತವೆ. ಅಲ್ಲಿ ಬಿಟ್ಟರೆ ಸರಿ ಎನ್ನುವ ನಿಯಮದಿಂದ ನನಗೆ ಪೂರ್ತಿ ಸಮಾಧಾನವಿಲ್ಲ. ನಿಯಮ ಪಾಲಿಸಿದ್ದಾರೆ ಎಂದು ನಂಬುವುದು ಹೇಗೆ?

ತಣ್ಣೀರುಬಾವಿಯವ

ನಿಮ್ಮ ಅಸಮಾಧಾನ ನ್ಯಾಯವಾದದ್ದು. ಯುರೋಪಿನ ವಾಯವ್ಯ ತೀರ, ಬಾಲ್ಟಿಕ್, ನಾರ್ವೆ ಸಮುದ್ರಗಳ ಕಡೆ ತೇಲಿ ಉಳಿಯುವ ಎಣ್ಣೆ, ಮೇಣಗಳ ಗಡ್ಡೆಗಳು ದಡಕ್ಕೆ ಬಂದು ಜನ ದೂರಿದ ಮೇಲೆ, 2021ರ ಜನವರಿ 1ರಿಂದ ಆ ಪ್ರದೇಶಗಳಲ್ಲಿ ಅಂಥ ಸರಕುಗಳಿಗೂ ಪ್ರೀವಾಶ್ ಕಡ್ಡಾಯವಾಯಿತು. ನಮ್ಮ ಅರಬ್ಬೀ ಸಮುದ್ರಕ್ಕೆ ಆ ನಿಯಮ ಅನ್ವಯಿಸುವುದಿಲ್ಲ. ಅನ್ವಯಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಮೀನುಗಾರರ ಸಂಘಗಳು ಕೇಳಬೇಕಾದ ಮಾತೂ ಹೌದು.

ನಂಬಿಕೆಯ ಪ್ರಶ್ನೆಗೆ ಉತ್ತರ ಕಾರ್ಗೋ ರೆಕಾರ್ಡ್ ಬುಕ್‌ನಲ್ಲಿದೆ. ತುಂಬಿದ್ದು, ಇಳಿಸಿದ್ದು, ತೊಳೆದದ್ದು, ಎಲ್ಲಿ ಎಷ್ಟು ಬಿಟ್ಟದ್ದು ಎಂಬುದನ್ನೆಲ್ಲ ಅಧಿಕಾರಿ ಸಹಿ ಹಾಕಿ ದಾಖಲಿಸಬೇಕು. ಪ್ರತಿ ಪುಟಕ್ಕೂ ಮಾಸ್ಟರ್, ಅಂದರೆ ಹಡಗಿನ ಕಪ್ತಾನ, ಸಹಿ ಹಾಕಬೇಕು. ಕಡ್ಡಾಯ ಪ್ರೀವಾಶ್ ನಡೆದಿದ್ದರೆ ಸರ್ಕಾರ ನೇಮಿಸಿದ ಸರ್ವೇಯರ್ ಅದೇ ಪುಸ್ತಕದಲ್ಲಿ ದೃಢೀಕರಿಸಬೇಕು. ಬಂದರಿನಲ್ಲಿ ತಪಾಸಣೆಗೆ ಬಂದವರು ಆ ಪುಸ್ತಕವನ್ನು ಹಡಗಿನ ಪಿ ಅಂಡ್ ಎ ಕೈಪಿಡಿಯ ಜೊತೆ ಹೋಲಿಸಿ ನೋಡುತ್ತಾರೆ. ಯಾವ ಟ್ಯಾಂಕನ್ನು ಹೇಗೆ ತೊಳೆಯಬೇಕು, ಯಾವ ವೇಗದಲ್ಲಿ ಬಿಡಬೇಕು ಎಂದು ಆ ಹಡಗಿಗಾಗಿಯೇ ಬರೆದು ಮಂಜೂರಾದ ಕೈಪಿಡಿ ಅದು. ತೊಳೆಯಲು ಬೇಕಾದ ಹೊತ್ತಿಗೂ ಪುಸ್ತಕದಲ್ಲಿ ಬರೆದ ಹೊತ್ತಿಗೂ ತಾಳೆಯಾಗದಿದ್ದರೆ ಅನುಭವಿ ತಪಾಸಕನಿಗೆ ಅಲ್ಲೇ ಗೊತ್ತಾಗುತ್ತದೆ.

ಕುಳಾಯಿ ಮೇಷ್ಟ್ರು

ಇಷ್ಟು ಜನ ಇಷ್ಟು ಶ್ರದ್ಧೆಯಿಂದ ಬರೆದುದಕ್ಕೆ ಕೃತಜ್ಞ. ಹುಡುಗ ಎಲ್ಲವನ್ನೂ ಓದಿ ಒಂದು ಪ್ರಶ್ನೆ ಕಳುಹಿಸಿದ್ದಾನೆ: ಹಡಗು ಹತ್ತಿದ ಮೇಲೆ ಈ ಪದಗಳನ್ನು ಎಲ್ಲಿಂದ ನೋಡಲು ಆರಂಭಿಸಬೇಕು?

ತಣ್ಣೀರುಬಾವಿಯವ

ಮೊದಲು ಹಡಗಿನ ಸರ್ಟಿಫಿಕೇಟ್ ಆಫ್ ಫಿಟ್‌ನೆಸ್ ಕೇಳಿ ನೋಡಲಿ. ಆ ಹಡಗು ಯಾವ ಯಾವ ಸರಕನ್ನು, ಯಾವ ಟ್ಯಾಂಕಿನಲ್ಲಿ ತುಂಬಬಹುದು ಎಂಬ ಪಟ್ಟಿ ಅದಕ್ಕೆ ಲಗತ್ತಾಗಿರುತ್ತದೆ. ಅದರಲ್ಲಿ ಹೆಸರಿಲ್ಲದ ಅಪಾಯಕಾರಿ ಸರಕನ್ನು ತುಂಬುವಂತಿಲ್ಲ. ಆ ಪ್ರಯಾಣದಲ್ಲಿರುವ ಒಂದು ಸರಕನ್ನು ಆರಿಸಿಕೊಂಡು ಐಬಿಸಿ ಕೋಡಿನ 17ನೇ ಅಧ್ಯಾಯದಲ್ಲಿ ಅದರ ಸಾಲನ್ನು ಎಡದಿಂದ ಬಲಕ್ಕೆ ಓದಲಿ. ಟ್ಯಾಂಕಿನ ಮಾದರಿ ಎಂಬ ಅಂಕಣ ಬಂದಾಗ ಡೆಕ್ಕಿನ ಮೇಲೆ ಹೋಗಿ ಆ ಟ್ಯಾಂಕನ್ನು ನೋಡಲಿ. ಗಾಳಿಕೊಳವೆಯ ಅಂಕಣ ಬಂದಾಗ ಟ್ಯಾಂಕಿನೊಳಗಿನ ಒತ್ತಡ ಮಿತಿ ಮೀರದಂತೆ ಕಾಯುವ ಪಿವಿ ವಾಲ್ವ್ ಎಲ್ಲಿದೆ ಎಂದು ಪಂಪ್‌ಮನ್ ಅವರನ್ನು ಕೇಳಲಿ. ಅಳತೆಯ ಅಂಕಣದಲ್ಲಿ ‘ಕ್ಲೋಸ್ಡ್’ ಎಂದಿದ್ದರೆ ಆ ಟ್ಯಾಂಕಿನ ಮುಚ್ಚಳ ತೆಗೆದು ಅಲೇಜ್ ನೋಡುವಂತಿಲ್ಲ ಎಂಬುದನ್ನು ಗಟ್ಟಿಯಾಗಿ ನೆನಪಿಡಲಿ. ಕೊನೆಯ ಅಂಕಣದಲ್ಲಿ ಬರಿಯ ಸಂಖ್ಯೆಗಳಿರುತ್ತವೆ, 15.11, 16.2 ಎಂಬಂತೆ. ಹೆಚ್ಚಿನವರು ಅಲ್ಲಿಗೆ ಪುಸ್ತಕ ಮುಚ್ಚುತ್ತಾರೆ. ಆ ಸಂಖ್ಯೆಗಳು 15 ಮತ್ತು 16ನೇ ಅಧ್ಯಾಯಗಳ ವಿಧಿಗಳು. ಆ ಸರಕಿಗೆಂದೇ ಬರೆದ ವಿಶೇಷ ಎಚ್ಚರಿಕೆಗಳೆಲ್ಲ ಇರುವುದು ಅಲ್ಲಿಯೇ. ಅವನ್ನು ಒಂದೊಂದಾಗಿ ತೆರೆದು ಓದಿದ ಮೇಲೆ ಮುಂದಿನ ಸರಕಿನ ಸಾಲಿಗೆ ಹೋಗಲಿ.